ಕೊಯ್ಯದೆ ಬಿಟ್ಟ ಜೊಂಡು

"ನಿಮ್ಮ ಜಿಲ್ಲೆಯಲ್ಲಿ ಸಮುದ್ರ ಎಲ್ಲಿದೆ?" ಎಂದು ಮೇಜಿನ ಆಚೆ ಕೂತಿದ್ದ ಹಿರಿಯರು ಕೇಳಿದಾಗ ಪಕ್ಕದಲ್ಲಿದ್ದ ಇಬ್ಬರು ನಕ್ಕರು. ನಾನೂ ನಕ್ಕೆ. ನಗದೆ ಬೇರೆ ದಾರಿ ಇರಲಿಲ್ಲ.

ಸಮುದ್ರದ ನೀರು ಏರುತ್ತ ಬಂದರೆ ದಂಡೆಯ ಜೌಗುನೆಲ ತಾಳಿಕೊಳ್ಳುತ್ತದೆಯೇ ಎಂದು ತಿಳಿಯಲು ಹಣ ಕೊಡುವ ಯೋಜನೆ ಅದು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಕರಾವಳಿಯವರು. ನಾನೊಬ್ಬಳೇ ಸುರಪುರದಿಂದ ಹೋಗಿದ್ದೆ. ಅಲ್ಲಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಅಲ್ಲಿಯವರೆಗೆ ಸಮುದ್ರವನ್ನು ಕಣ್ಣಾರೆ ಕಂಡಿರಲಿಲ್ಲ.

"ಸಮುದ್ರ ಇಲ್ಲ ಸರ್. ಏರುವ ನೀರು ಇದೆ," ಎಂದೆ. "ಸಮುದ್ರ ಒಂದು ತಲೆಮಾರಿನಲ್ಲಿ ಮಾಡುವುದನ್ನು ನಮ್ಮ ಕೆರೆಗಳಲ್ಲಿ ಕಾಲುವೆ ನಾಲ್ಕೈದು ಬೆಳೆಯೊಳಗೆ ಮಾಡಿ ಮುಗಿಸಿದೆ. ನೀರು ಮೇಲೆ ಬಂದಂತೆ ಜೊಂಡು ತನ್ನ ಕಾಲಡಿಯ ಕೆಸರನ್ನು ಏರಿಸಿಕೊಳ್ಳುತ್ತದೋ ಇಲ್ಲ ಮುಳುಗಿ ಸಾಯುತ್ತದೋ, ಅದನ್ನು ನಮ್ಮಲ್ಲಿ ಈಗಲೇ ನೋಡಬಹುದು."

ಹಿರಿಯರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆ ನೋಟದಲ್ಲೇ ಹಣ ಸಿಕ್ಕಿತೆಂದು ನನಗೆ ಗೊತ್ತಾಯಿತು. ಪೂರ್ತಿಯಾಗಿ ಅಲ್ಲ, ಮೊದಲ ಹಂತಕ್ಕೆ ಮಾತ್ರ. ಕೆಸರಿನ ಮಾದರಿಗಳು ಚೆನ್ನಾಗಿ ಬಂದರೆ ಮುಂದಿನ ಹಂತ. ಹಾಗೆಂದು ಕಾಗದ ಬಂತು.

ಕೆರೆಯ ಹೆಸರು ಹೇಳುವುದಿಲ್ಲ. ಬೋನಾಳದ ದೊಡ್ಡ ಕೆರೆಯಲ್ಲ ಅದು. ಹಕ್ಕಿ ನೋಡಲು ಬರುವವರು ಅಲ್ಲಿಗೇ ಹೋಗಿ ಅಲ್ಲಿಂದಲೇ ತಿರುಗಿ ಹೋಗುತ್ತಾರೆ. ನನ್ನದು ಅದಕ್ಕಿಂತ ಸಣ್ಣದು, ಸುರಪುರದಿಂದ ಬಸ್ಸಿಳಿದು ಹೊಲದ ಬದುವಿನ ಮೇಲೆ ಅರ್ಧ ತಾಸು ನಡೆಯಬೇಕು. ಕಾಲುವೆ ಬರುವ ಮೊದಲು ಅದು ಶಿವರಾತ್ರಿಯ ಹೊತ್ತಿಗೆ ಒಣಗಿ, ಬಿರುಕಿನಲ್ಲಿ ಕುರಿಯ ಕಾಲು ಸಿಕ್ಕಿಕೊಳ್ಳುತ್ತಿತ್ತಂತೆ. ಮೇಲಿನ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾದ ಮೇಲೆ ಬಸಿನೀರು ವರ್ಷವಿಡೀ ಕೆಳಗಿಳಿದು ಕೆರೆಗೆ ಸೇರತೊಡಗಿತು. ನೀರು ಆರುವುದೇ ನಿಂತಿತು. ಪ್ರತಿವರ್ಷ ದಂಡೆ ಒಂದಿಷ್ಟು ಹಿಂದೆ ಸರಿಯಿತು. ಜಾಲಿಮರಗಳು ನಿಂತಲ್ಲೇ ಸತ್ತು ಬೆಳ್ಳಗಾದವು. ದಂಡೆಯ ಎರೆಮಣ್ಣಿನ ಮೇಲೆ ಉಪ್ಪಿನ ಸೌಳು ಎದ್ದು, ದೂರದಿಂದ ಯಾರೋ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತಿತ್ತು. ನೀರಿನಂಚಿಗೆ ಆಳೆತ್ತರದ ಜೊಂಡು.

ಆ ಜೊಂಡಿನಲ್ಲೇ ನಾನು ಅವಳನ್ನು ಮೊದಲು ನೋಡಿದ್ದು. ನೋಡುವ ಮೊದಲು ಕುಡುಗೋಲಿನ ಸದ್ದು ಕೇಳಿಸಿತು. ಮೊಣಕಾಲುದ್ದ ನೀರಿನಲ್ಲಿ ಸೀರೆ ಕಚ್ಚೆ ಹಾಕಿ ನಿಂತು ಜೊಂಡು ಕೊಯ್ಯುತ್ತಿದ್ದಳು. ಐವತ್ತರ ಆಸುಪಾಸು. ಬೆಳೆಯ ದಿನಗಳಲ್ಲಿ ಕೂಲಿಗೆ ಹೋಗುತ್ತಿದ್ದಳು, ಉಳಿದ ದಿನ ಜೊಂಡು ಒಣಗಿಸಿ ಚಾಪೆ ಹೆಣೆಯುತ್ತಿದ್ದಳು. ನಾನು ನೀರಿನ ಮಟ್ಟ ನೋಡಲು ಗೆರೆ ಹಾಕಿದ ಕೋಲುಗಳನ್ನು ನೀರಿನಲ್ಲಿ ನೆಡಲು ಒದ್ದಾಡುವುದನ್ನು ಸ್ವಲ್ಪ ಹೊತ್ತು ನೋಡಿ, ಬಂದು ಕೈಯಿಂದ ಕಸಿದುಕೊಂಡಳು.

"ಹಾಂಗಲ್ರೀ ಅಕ್ಕಾರ. ತಿರುವಿ ತಿರುವಿ ಒತ್ರಿ. ಕೆಸರು ತಾನ ನುಂಗತದ."

ನಾನು ಅವಳನ್ನು ಚಿಗವ್ವ ಎಂದು ಕರೆಯತೊಡಗಿದೆ. ನನ್ನ ತಾಯಿಯ ತಂಗಿಯ ವಯಸ್ಸು ಅವಳದು. ಅವಳಿಗೆ ಮಾತ್ರ ನಾನು ಕೊನೆಯವರೆಗೂ ಅಕ್ಕಾರೇ, ನಮ್ಮ ಕಡೆ ಕಲಿಸುವ ಹೆಂಗಸರನ್ನು ಕರೆಯುವ ಹಾಗೆ. ನನ್ನ ಯೋಜನೆಯಲ್ಲಿ ಒಬ್ಬ ಕೆಲಸದವರನ್ನು ಇಟ್ಟುಕೊಳ್ಳಲು ಅವಕಾಶವಿತ್ತು. ಅವಳ ಹೆಸರು ಬರೆದೆ. ವಾರಕ್ಕೆರಡು ದಿನ ನಾವಿಬ್ಬರೂ ಕೋಲಿನಿಂದ ಕೋಲಿಗೆ ನಡೆದು ನೀರು ಎಲ್ಲಿಗೆ ಬಂದಿದೆ, ಕೆಸರು ಎಷ್ಟು ಏರಿದೆ ಎಂದು ನೋಡಿ ಬರೆದಿಡುತ್ತಿದ್ದೆವು. ಅವಳಿಗೆ ಓದು ಬರುತ್ತಿರಲಿಲ್ಲ, ಕೋಲಿನ ಗೆರೆ ಮಾತ್ರ ನನಗಿಂತ ಸರಿಯಾಗಿ ನೋಡುತ್ತಿದ್ದಳು. ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ಕೇಳುತ್ತಿದ್ದಳು:

"ಇವತ್ತ ಕೆಸರು ಏನಂತ್ರೀ?"

ನಾನು ಹೇಳುತ್ತಿದ್ದೆ. ಕೊಯ್ದ ಕಡೆ ಕೆಸರು ಏರುತ್ತಿಲ್ಲ, ನೀರು ಗೆಲ್ಲುತ್ತಿದೆ ಎಂದಾಗ ನಕ್ಕು, "ಹಂಗಾರ ನಂದೇ ತಪ್ಪು ಅನ್ರಿ," ಎನ್ನುತ್ತಿದ್ದಳು.

ಕೆರೆಯ ಮೂಡಣ ದಂಡೆಯಲ್ಲಿ ಒಂದು ಕಡೆ ಜೊಂಡು ಬೇರೆ ಎಲ್ಲಕ್ಕಿಂತ ಎತ್ತರವಾಗಿ, ದಟ್ಟವಾಗಿ ನಿಂತಿತ್ತು. ನಾಲ್ಕು ಎತ್ತಿನಗಾಡಿ ನಿಲ್ಲಿಸುವಷ್ಟು ಜಾಗ. ನಡುವೆ ಒಂದು ಸತ್ತ ಜಾಲಿ. ಅಲ್ಲಿ ಯಾರೂ ಕುಡುಗೋಲು ಹಾಕಿರಲಿಲ್ಲ. ಹಳೆಯ ಎಲೆ ಬಿದ್ದು, ಅದರ ಮೇಲೆ ಮತ್ತೆ ಬಿದ್ದು, ಕಾಲಿಟ್ಟರೆ ಹಾಸಿಗೆಯ ಹಾಗೆ ಮೆತ್ತಗಿರಬೇಕು ಎಂದು ದೂರದಿಂದಲೇ ತಿಳಿಯುತ್ತಿತ್ತು. ಮೊದಲ ತಿಂಗಳಲ್ಲೇ ಅತ್ತ ಹೊರಟಾಗ ಚಿಗವ್ವ ನನ್ನ ಮುಂದೆ ಬಂದು ನಿಂತಿದ್ದಳು.

"ಆ ಕಡಿ ಬ್ಯಾಡ್ರಿ."

"ಯಾಕ? ಹಾವು ಅದಾವೇನು?"

"ಹಾವು ಎಲ್ಲಾ ಕಡಿ ಅದಾವ. ಅಲ್ಲಿ ಬ್ಯಾಡ್ರಿ ಅಷ್ಟ."

ನಾನು ಮತ್ತೆ ಕೇಳಲಿಲ್ಲ. ದೆವ್ವವೋ ದೇವರೋ ಇರಬೇಕು ಅಂದುಕೊಂಡೆ. ಓದಿದವಳ ಸೊಕ್ಕು ನನ್ನಲ್ಲಿ ಜೋರಾಗಿ ಕಾಣುತ್ತಿರಲಿಲ್ಲ, ಒಳಗೆ ಮಾತ್ರ ಇತ್ತು. ಆಗ ಸುಮ್ಮನಾದದ್ದು ಗೌರವದಿಂದಲ್ಲ, ಸದ್ಯಕ್ಕೆ ಆ ಜಾಗ ಬೇಕಾಗಿರಲಿಲ್ಲ, ಅದಕ್ಕೆ.

ಬೇಕಾದದ್ದು ಮರುವರ್ಷ ಬೇಸಿಗೆಯಲ್ಲಿ. ಹಣ ಕೊಟ್ಟವರಿಂದ ಕಾಗದ ಬಂತು. ನೀವು ಕಳಿಸಿದ ಮಾದರಿಗಳೆಲ್ಲ ಮನುಷ್ಯರು ಕೊಯ್ದ, ತುಳಿದ ಜಾಗದವು. ಕರಾವಳಿಯ ಜೌಗಿನೊಂದಿಗೆ ಹೋಲಿಸಲು ಯಾರೂ ಮುಟ್ಟದ ಜಾಗದ ಒಂದು ಮಾದರಿಯಾದರೂ ಬೇಕು. ಅದಿಲ್ಲದೆ ಎರಡನೆಯ ಹಂತದ ಬಗ್ಗೆ ಯೋಚಿಸುವುದು ಕಷ್ಟ. ಕಾಲುವೆಗೆ ನೀರು ಬಿಡುವ ದಿನ ಹತ್ತಿರವಿತ್ತು. ಬಿಟ್ಟ ಮೇಲೆ ಮೂಡಣ ದಂಡೆಗೆ ಇಳಿಯಲು ಆಗುವುದಿಲ್ಲ.

ಯಾರೂ ಮುಟ್ಟದ ಜಾಗ ಇದ್ದದ್ದು ಅದೊಂದೇ.

ಆ ವಾರ ಚಿಗವ್ವ ರಂಗಂಪೇಟೆಗೆ ಹೋಗಿದ್ದಳು, ತಮ್ಮನ ಮಗಳ ಮದುವೆಗೆ. ನಾಲ್ಕು ದಿನ ಬರುವುದಿಲ್ಲ ಎಂದು ಹೇಳಿಯೇ ಹೋಗಿದ್ದಳು. ನಾನು ಅದನ್ನು ನೋಡಿಕೊಂಡು ಹೋದೆನೇ? ಎಷ್ಟೋ ವರ್ಷ ಇಲ್ಲ ಎಂದು ಹೇಳಿಕೊಂಡಿದ್ದೇನೆ. ಈಗ ಹೇಳುವುದಿಲ್ಲ. ನೋಡಿಕೊಂಡೇ ಹೋದೆ.

ಜೊತೆಗೆ ಕಾಲೇಜಿನ ಜವಾನರೊಬ್ಬರು ಬಂದಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ, ಹೆಚ್ಚು ಮಾತಾಡದ ಮನುಷ್ಯ. ಸುರಪುರದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಉದ್ದದ ಕಬ್ಬಿಣದ ಕೊಳವೆ, ಹೊಡೆಯಲು ಮರದ ಕೊಡತಿ. ಬೆಳಗಿನ ಹತ್ತು ಗಂಟೆಯ ಬಿಸಿಲು. ಜೊಂಡಿನೊಳಗೆ ಹೊಕ್ಕಾಗ ತಂಪಾಯಿತು. ಹಕ್ಕಿಗಳ ಸದ್ದು ನಿಂತಿತು. ಸತ್ತ ಜಾಲಿಯಿಂದ ಮೂರು ಹೆಜ್ಜೆ ಈಚೆಗೆ ನಾನು ಜಾಗ ಗುರುತಿಸಿದೆ. ಯಾಕೆ ಅಲ್ಲೇ ಎಂದು ನೂರು ಸಲ ಕೇಳಿಕೊಂಡಿದ್ದೇನೆ. ಅಲ್ಲಿ ನೆಲ ಸ್ವಲ್ಪ ತಗ್ಗಾಗಿತ್ತು, ನಿಲ್ಲಲು ಅನುಕೂಲವಿತ್ತು. ಅಷ್ಟೇ ಕಾರಣ.

ಜವಾನರು ಹೊಡೆದರು. ಕೊಳವೆ ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯಿತು. ಇಬ್ಬರೂ ಸೇರಿ ಮೇಲೆಳೆದೆವು. ಕೆಸರು ಬಿಡಲಿಲ್ಲ, ಮತ್ತೆ ಎಳೆದೆವು. ಕೊನೆಗೆ ಬಿಟ್ಟಾಗ ಅದರ ಬಾಯಿಂದ ಒಂದು ಸದ್ದು ಬಂತು. ಹಾಲು ಕುಡಿಯುವ ಕೂಸಿನ ಬಾಯಿಂದ ಮೊಲೆ ಬಿಡಿಸಿದಾಗ ಬರುವ ಸದ್ದು. ಜವಾನರು ನನ್ನ ಮುಖ ನೋಡಿದರು. ಆಮೇಲೆ ಅಂಗವಸ್ತ್ರದಿಂದ ಕೈ ಒರೆಸಿಕೊಂಡು, "ನಡೀರಿ ಮೇಡಂ, ಜಲ್ದಿ ಹೋಗೂನು," ಎಂದರು. ಅವರು ಅವಸರ ಮಾಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಕೊಳವೆಯ ಎರಡೂ ಬಾಯಿ ಮುಚ್ಚಿ, ಚೀಟಿ ಅಂಟಿಸಿ, ಕರಾವಳಿಯ ಪ್ರಯೋಗಾಲಯಕ್ಕೆ ಕಳಿಸಿದೆವು.

ಚಿಗವ್ವ ಮದುವೆಯಿಂದ ಬಂದ ದಿನವೇ ಮೂಡಣ ದಂಡೆಗೆ ಹೋಗಿದ್ದಳಂತೆ. ಮರುದಿನ ನಾನು ಬಸ್ಸಿಳಿದು ನಡೆದು ಬರುವಾಗ ಬದುವಿನ ಮೇಲೆಯೇ ನಿಂತಿದ್ದಳು.

"ಅಲ್ಲಿ ಯಾರ ಬಂದಿದ್ರು?"

"ನಾನ ಬಂದಿದ್ದೆ, ಚಿಗವ್ವ. ಮ್ಯಾಲಿನವರು ಕೇಳಿದ್ರು. ಒಂದು ಕೊಳವಿ ಮಣ್ಣು, ಅಷ್ಟ. ಏನೂ ಹಾಳ ಮಾಡಿಲ್ಲ."

ಅವಳು ನನ್ನ ಕಾಲುಗಳನ್ನೇ ನೋಡುತ್ತಿದ್ದಳು. "ಎಷ್ಟು ದಪ್ಪ ಇತ್ರೀ ಕೊಳವಿ?" ಎಂದಳು. ನಾನು ಎರಡೂ ಕೈಯ ಬೆರಳು ಕೂಡಿಸಿ ತೋರಿಸಿದೆ. ಅವಳು ಆ ಬೆರಳುಗಳ ನಡುವಿನ ಖಾಲಿ ಜಾಗವನ್ನು ನೋಡಿದಳು. "ಸಣ್ಣದ ಅದ ಬಿಡ್ರಿ," ಎಂದು ಹೇಳಿ ಕೆಲಸಕ್ಕೆ ನಡೆದಳು. ನನಗೆ ಹಗುರವಾಯಿತು. ಅವಳು ಹೇಳಿಕೊಂಡದ್ದು ನನಗಲ್ಲ, ತನಗೆ ಎಂದು ಆಗ ಹೊಳೆಯಲಿಲ್ಲ.

ಫಲಿತಾಂಶ ಬರುವ ಹೊತ್ತಿಗೆ ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ಗದ್ದೆಗಳಲ್ಲಿ ನಾಟಿ ಶುರುವಾಗಿತ್ತು. ಲಕೋಟೆ ಕಾಲೇಜಿಗೆ ಬಂತು. ಒಂದು ಹಾಳೆ ಓದಿಯೇ ಕುರ್ಚಿಯಿಂದ ಎದ್ದುಬಿಟ್ಟೆ. ಕೊಯ್ಯದ ಜೊಂಡಿನ ಬುಡದಲ್ಲಿ ಕೆಸರು ನೀರಿನ ಸರಿಸಮ ಏರಿತ್ತು. ಎಲ್ಲ ಕಡೆ ಸೋತ ನೆಲ ಅಲ್ಲಿ ಸೋತಿರಲಿಲ್ಲ. ನಾನು ಸಂದರ್ಶನದಲ್ಲಿ ಹೇಳಿದ್ದು ನಿಜವಾಗಿತ್ತು. ಕರಾವಳಿಯವರಿಗೆ ಹೇಳಬಹುದಾದ ಮಾತು ನನ್ನ ಕೈಯಲ್ಲಿತ್ತು: ಜೊಂಡನ್ನು ಕೊಯ್ಯದೆ ಬಿಟ್ಟರೆ ಅದು ತನ್ನ ನೆಲವನ್ನು ತಾನೇ ಎತ್ತಿಕೊಳ್ಳುತ್ತದೆ.

ಆ ಖುಷಿಯಲ್ಲಿ ಅಂದೇ ಬಸ್ ಹತ್ತಿದೆ. ಚಿಗವ್ವ ತನ್ನ ಮನೆಯ ಮುಂದಿನ ಕಟ್ಟೆಯ ಮೇಲೆ ಚಾಪೆ ಹೆಣೆಯುತ್ತಿದ್ದಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬ ಮಗ, ಬೆಳಿಗ್ಗೆಯೇ ಟ್ರ್ಯಾಕ್ಟರ್ ಓಡಿಸಲು ಹೋಗಿಬಿಡುತ್ತಿದ್ದ. ನಾನು ಕಟ್ಟೆಯ ಮೇಲೆ ಕೂತು ಹಾಳೆ ಬಿಚ್ಚಿದೆ.

"ಕೆಸರು ಏನಂತದ ಗೊತ್ತೇನು ಚಿಗವ್ವ?" ಎಂದು ಶುರು ಮಾಡಿ ಎಲ್ಲ ಹೇಳಿದೆ. ಅವಳು ಹೆಣೆಯುತ್ತಲೇ ಕೇಳಿದಳು. ಕೆಳಗೆ ಷರಾ ಅಂತ ಒಂದು ಸಾಲಿತ್ತು. ಅದನ್ನು ತಮಾಷೆಗೆಂದು ಓದಿದೆ.

"ನಿಮ್ಮ ಕೆರ್‍ಯಾಗ ಒಡವಿನೂ ಅದ ನೋಡು. ಎರಡು ಮೊಳ ಕೆಳಗ ಎರಡು ಕರಿಮಣಿ ಸಿಕ್ಕಾವಂತ."

ಅವಳ ಕೈ ನಿಂತಿತು.

"ಗೆಜ್ಜಿ ಇತ್ತೇನ್ರಿ ಅದರ ಸಂಗಾಟ?"

ಸಾಲಿನ ಉಳಿದ ಅರ್ಧವನ್ನು ನಾನಿನ್ನೂ ಓದಿರಲಿಲ್ಲ. 'ಹಿತ್ತಾಳೆಯ ಪುಟ್ಟ ಗೆಜ್ಜೆ ಒಂದು. ತೆಗೆದಿಡಲಾಗಿದೆ.' ಹೌದೆಂದು ತಲೆಯಾಡಿಸಿದೆ. ಅವಳೇ ಹೇಳಿದಳು, ಚಾಪೆಯ ಅಂಚು ನೋಡುತ್ತ.

"ಉಡದಾರದ್ದು. ಅವ್ರಪ್ಪ ಶಹಾಪುರದ ಸಂತಿಂದ ತಂದಿದ್ದ."

ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯಲು ನನ್ನಿಂದ ಆಗುವುದಿಲ್ಲ, ನಡುನಡುವೆ ನಾನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೆ. ಕಾಲುವೆ ಅಗೆಯುವಾಗ ಗಂಡ ಹೆಂಡತಿ ಇಬ್ಬರೂ ಮಣ್ಣು ಹೊತ್ತಿದ್ದರು. ಒಂದೂವರೆ ವರ್ಷದ ಮಗಳು. ಜಾಲಿಯ ಕೊಂಬೆಗೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದಳು. ಒಂದು ಬೇಸಿಗೆಯಲ್ಲಿ ವಾಂತಿಭೇದಿಯಾಯಿತು, ಎರಡೇ ದಿನ. ಸಣ್ಣ ಕೂಸನ್ನು ಊರ ದೊಡ್ಡವರ ಜೊತೆ ಮಣ್ಣು ಮಾಡುವ ರೂಢಿ ಅವರಲ್ಲಿಲ್ಲ. ಕೆರೆಯ ಮೂಡಣಕ್ಕೆ, ಎಂದೂ ನೀರು ಬರದ ಎತ್ತರದಲ್ಲಿ, ಅದೇ ಜಾಲಿಯ ಬುಡದಲ್ಲಿ ಮಲಗಿಸಿದರು. ಅವಳು ಅಗೆದ ಕಾಲುವೆಗೆ ನೀರು ಬಂತು. ಆ ನೀರು ಗದ್ದೆ ಹಾಯ್ದು, ಬಸಿದು, ವರ್ಷ ವರ್ಷ ಏರಿ, ಮಗಳ ತನಕ ಬಂತು. ನೀರಿನ ಹಿಂದೆ ಜೊಂಡು ಬಂತು. ಆ ಜೊಂಡನ್ನು ಅವಳು ಕೊಯ್ಯಲಿಲ್ಲ, ಯಾರನ್ನೂ ಕೊಯ್ಯಲು ಬಿಡಲಿಲ್ಲ.

"ಹೊಚ್ಚಿಕೊಂಡು ಮಲಗ್ಯಾಳ ಅನ್ಕೊಂಡಿದ್ದೆ," ಎಂದಳು.

ಹಿತ್ತಲಲ್ಲಿ ಕೋಳಿಯೊಂದು ಕೂಗುತ್ತಿತ್ತು. ನಾನು ತಪ್ಪಾಯಿತು ಎಂದೆನೋ ಇಲ್ಲವೋ ನೆನಪಿಲ್ಲ.

"ಆ ಮಣ್ಣು ಈಗ ಎಲ್ಲದರೀ ಅಕ್ಕಾರ?"

"ಲ್ಯಾಬಿನಾಗ ಅದ."

"ತಂದು ಕೊಡ್ರಿ. ಬ್ಯಾರೆ ಏನೂ ಕೇಳಂಗಿಲ್ಲ ನಾ."

ಲ್ಯಾಬಿನಲ್ಲಿದೆ ಎಂದದ್ದು ಅರ್ಧ ಸುಳ್ಳು. ಹಾಳೆಯಲ್ಲಿ ಏನು ಬರೆದಿತ್ತು ಎಂದು ಸಸ್ಯಶಾಸ್ತ್ರ ಓದಿದ ನನಗೆ ಗೊತ್ತಿತ್ತು. ಕೆಸರಿನಲ್ಲಿ ಬೇರು, ಎಲೆ, ಜೀವದ ಪಾಲು ಎಷ್ಟು ಎಂದು ತಿಳಿಯಬೇಕಾದರೆ ಅದನ್ನು ಒಣಗಿಸಿ, ತೂಗಿ, ಕುಲುಮೆಯಲ್ಲಿಟ್ಟು ಸುಡುತ್ತಾರೆ. ಆಮೇಲೆ ಮತ್ತೆ ತೂಗುತ್ತಾರೆ. ಕಡಿಮೆಯಾದದ್ದೆಲ್ಲ ಒಂದು ಕಾಲಕ್ಕೆ ಬದುಕಿದ್ದದ್ದು. ನಾನೇ ಎಷ್ಟೋ ಸಲ ತರಗತಿಯಲ್ಲಿ ಈ ವಾಕ್ಯ ಹೇಳಿದ್ದೆ, ಹುಡುಗಿಯರು ಬರೆದುಕೊಂಡಿದ್ದರು.

ಶಹಾಪುರದಲ್ಲಿದ್ದ ನಮ್ಮವ್ವನಿಗೆ ಹೇಳಿದೆ. ಅವಳು ಬೆಳಗಿನ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಅಡುಗೆಮನೆಗೆ ಬಂದಿದ್ದಳು. ನಮ್ಮ ಮನೆತನದಲ್ಲಿಯೂ ಸುಡುವುದಿಲ್ಲ, ಹೂಳುತ್ತೇವೆ. ನಮ್ಮ ಕಡೆ ಯಾರಾದರೂ 'ಮಣ್ಣಿಗೆ ಹೋಗಿ ಬಂದೆ' ಅಂದರೆ ಎಲ್ಲಿಗೆ ಹೋಗಿದ್ದರು ಎಂದು ಕೇಳಬೇಕಾಗಿಲ್ಲ. ಅವ್ವ ಹಿಟ್ಟಿನ ಪರಾತ ಕೆಳಗಿಟ್ಟಳು.

"ಸುಟ್ರಾ?"

"ಹೌದು."

"ಪೂರಾ?"

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಕೊಳವೆಯಿಂದ ಹೊರತೆಗೆದ ಕೆಸರಿನ ಕಂಬವನ್ನು ಉದ್ದಕ್ಕೆ ಸೀಳುತ್ತಾರೆ. ಒಂದು ಅರ್ಧ ಪರೀಕ್ಷೆಗೆ, ಇನ್ನೊಂದು ಅರ್ಧವನ್ನು ತಂಪುಕೋಣೆಯಲ್ಲಿ ಹಾಗೇ ಇಡುತ್ತಾರೆ, ಮುಂದೆ ಯಾರಾದರೂ ಸಂಶಯಪಟ್ಟರೆ ನೋಡಲು.

"ಅರ್ಧ ಇರಬಹುದು," ಎಂದೆ.

"ಮತ್ತ ಇಲ್ಲ್ಯಾಕ ಕುಂತಿ? ಹೋಗು."

ಯಾದಗಿರಿಯಲ್ಲಿ ರೈಲು ಹತ್ತಿ, ನಡುವೆ ಬದಲಿಸಿ, ಮರುದಿನ ಮಧ್ಯಾಹ್ನ ಕರಾವಳಿಯ ಆ ಪ್ರಯೋಗಾಲಯಕ್ಕೆ ತಲುಪಿದೆ. ಕೆಸರಿನ ಕೆಲಸ ನೋಡಿಕೊಳ್ಳುತ್ತಿದ್ದವರು ನನ್ನ ವಯಸ್ಸಿನ ಹೆಂಗಸು. ಕಾರಣ ಹೇಳಿದಾಗ ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಉದ್ದನೆಯ ಗಂಟು, ಅದರ ಮೇಲೊಂದು ಸಣ್ಣ ಗಾಜಿನ ಶೀಶೆ. ಶೀಶೆಯೊಳಗೆ ಎರಡು ಕರಿಮಣಿ, ಹಸಿರುಗಟ್ಟಿದ ಗೆಜ್ಜೆ.

"ಗೆಜ್ಜೆ ನೋಡಿದಾಗಲೇ ನಾನು ಕೇಳಬೇಕಿತ್ತು," ಎಂದರು. "ಯಾವುದೋ ಜಾತ್ರೆಯದ್ದು, ತೇಲಿ ಬಂದಿರಬೇಕು ಅಂದುಕೊಂಡೆ."

"ಸುಟ್ಟ ಬೂದಿ?"

ಅವರು ತಲೆ ತಗ್ಗಿಸಿದರು. ತೂಕವಾದ ಮೇಲೆ ಬಟ್ಟಲು ತೊಳೆದುಬಿಡುತ್ತಾರೆ.

ಗಂಟನ್ನು ನನ್ನ ಕೈಗೆ ಕೊಡುತ್ತ, "ಇದನ್ನು ತೆಗೆದುಕೊಂಡು ಹೋದರೆ ನಿಮ್ಮ ಆ ಮಾದರಿ ನಿಲ್ಲುವುದಿಲ್ಲ. ತಾಳೆ ನೋಡಲು ಏನೂ ಉಳಿಯುವುದಿಲ್ಲ. ಎರಡನೆಯ ಹಂತಕ್ಕೆ ಅವರು ಒಪ್ಪಲಿಕ್ಕಿಲ್ಲ," ಎಂದರು. ಒಂದು ಪುಸ್ತಕ ಮುಂದಿಟ್ಟು ಸಹಿ ಹಾಕಿಸಿಕೊಂಡರು. ಕಾರಣ ಎಂಬ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಕೇಳಿದೆ. "ನಿಜ ಬರೀರಿ," ಎಂದರು.

ರೈಲಿಗೆ ಹೊತ್ತಿತ್ತು. ಅವರೇ ನನ್ನನ್ನು ಹಿಂಬದಿಯ ಅಳಿವೆಗೆ ಕರೆದುಕೊಂಡು ಹೋದರು, ಸಮುದ್ರ ನೋಡಿಲ್ಲ ಅಂದಿದ್ದೆನಲ್ಲ. ಕಾಗದದ ಮೇಲೆ ನಾನು ಎರಡು ವರ್ಷ ಬರೆದ ಜೌಗುನೆಲ ಅದು. ಗಿಡ್ಡ ಹುಲ್ಲು, ಏಡಿಯ ತೂತುಗಳು, ಉಪ್ಪಿನ ವಾಸನೆ. ಸಂಜೆ ನಾಲ್ಕು ಗಂಟೆಯ ಬೆಳಕಿನಲ್ಲಿ ಉಬ್ಬರದ ನೀರು ಬರುತ್ತಿತ್ತು. ಅಲೆ ಇಲ್ಲ, ಸದ್ದಿಲ್ಲ. ಒಂದು ಹುಲ್ಲಿನ ಬುಡ ನೋಡುತ್ತಿದ್ದೆ, ಕಣ್ಣು ಮಿಟುಕಿಸಿ ನೋಡುವಷ್ಟರಲ್ಲಿ ಅದು ನೀರಿನಲ್ಲಿತ್ತು. ಆ ನೆಲದಲ್ಲಿ ಯಾರು ಯಾರನ್ನು ಮಲಗಿಸಿದ್ದಾರೋ ಎಂದು ಅನ್ನಿಸಿ ಕಾಲು ಹಿಂದಕ್ಕೆ ತೆಗೆದೆ. ಅಷ್ಟೇ ನಾನು ಸಮುದ್ರ ನೋಡಿದ್ದು.

ವಾಪಸು ಬರುವಾಗ ಗಂಟನ್ನು ಮೇಲಿನ ಹಲಗೆಯಲ್ಲಿಡಲು ಮನಸ್ಸು ಬರಲಿಲ್ಲ. ತೊಡೆಯ ಮೇಲಿಟ್ಟುಕೊಂಡೆ. ಎದುರಿಗೆ ಕೂತಿದ್ದ ಅಜ್ಜಿ, "ಏನದು ತಾಯಿ, ಸಸಿನಾ?" ಎಂದು ಕೇಳಿದಳು. ಹೂಂ ಎಂದೆ.

ಚಿಗವ್ವ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ತೂಕ ನೋಡಿದಳು. ಎಷ್ಟೋ ವರ್ಷಗಳ ಹಿಂದಿನ ಒಂದು ತೂಕಕ್ಕೆ ಹೋಲಿಸುತ್ತಿರುವ ಹಾಗೆ ಕಂಡಿತು. ಶೀಶೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಆಗ ನಾನು ಸುಟ್ಟ ವಿಷಯ ಹೇಳಿದೆ. ಹೇಳದೆ ಇರಬಹುದಿತ್ತು, ಅವಳಿಗೆ ಯಾರೂ ಹೇಳುತ್ತಿರಲಿಲ್ಲ. ಆದರೆ ಆ ಗಂಟು ಅರ್ಧ ಎಂದು ತಿಳಿದೂ ಇಡೀ ಎಂಬಂತೆ ಅವಳ ಕೈಗೆ ಕೊಡಲು ನನ್ನಿಂದ ಆಗಲಿಲ್ಲ.

ಬೈಯಲಿ ಎಂದು ಕಾದೆ.

"ಬೆಂಕಿ ಎಷ್ಟು ಇತ್ತು?"

"ಭಾಳ, ಚಿಗವ್ವ."

"ಹೊಗಿ?"

"ಕೊಳವಿ ಇರ್ತದ. ಮ್ಯಾಲ ಹೋಗ್ತದ."

"ಸಮುದ್ರದ ಕಡಿಗಾ?"

"ಹೌದು."

"ಅಷ್ಟು ದೂರ ಒಬ್ಬಾಕಿನ ಹೋಗ್ಯಾಳ," ಎಂದಳು. ಆಗ ಅತ್ತಳು. ನಾನು ಹತ್ತಿರ ಹೋದಾಗ ಕೈ ಅಡ್ಡ ಹಿಡಿದಳು, ಬರಬೇಡ ಎಂದು.

ಮೂಡಣ ದಂಡೆಯಲ್ಲಿ ಆಗ ಸೊಂಟದುದ್ದ ನೀರು. ಬೇರೆ ಕಡೆ, ಎತ್ತರದಲ್ಲಿ, ಮಗನ ಕೈಯಿಂದ ಒಂದು ಗುಂಡಿ ತೆಗೆಸೋಣ ಎಂದೆ. ಬೇಡ ಎಂದಳು. "ಅಕಿ ಜಾಗ ಅದು." ಒಬ್ಬಳೇ ಇಳಿದಳು. ಗಂಟನ್ನು ಎದೆಯ ಮೇಲೆತ್ತಿ ಹಿಡಿದಿದ್ದಳು. ಜೊಂಡಿನೊಳಗೆ ಹೋದ ಮೇಲೆ ಕಾಣಿಸಲಿಲ್ಲ. ಎಲೆಗಳು ಅಲುಗಾಡುವುದು ಮಾತ್ರ ಕಾಣುತ್ತಿತ್ತು, ಸತ್ತ ಜಾಲಿಯ ತನಕ. ಅಲ್ಲಿ ನಿಂತವು. ಹೊರಗೆ ಬಂದಾಗ ಕುತ್ತಿಗೆಯವರೆಗೆ ತೊಯ್ದಿದ್ದಳು, ಕೈಯಲ್ಲಿ ಬರಿಯ ಪ್ಲಾಸ್ಟಿಕ್ ಇತ್ತು. ಅದನ್ನು ಮಡಿಚಿ ನನಗೆ ಕೊಟ್ಟಳು.

ವರದಿಯಿಂದ ಆ ಮಾದರಿಯನ್ನು ತೆಗೆದುಹಾಕಿದೆ. ಯಾಕೆಂದೂ ಬರೆದೆ. ಎರಡನೆಯ ಹಂತ ಸಿಗಲಿಲ್ಲ. ಕಾಗದ ಸೌಜನ್ಯದಿಂದಲೇ ಇತ್ತು, ಅವರನ್ನು ದೂರುವುದಿಲ್ಲ. ಆದರೆ ನನಗೆ ಗೊತ್ತಿರುವುದು ಗೊತ್ತೇ ಇದೆ. ಆ ಕೆರೆಯಲ್ಲಿ ನೀರಿಗೆ ಸೋಲದೆ ನಿಂತ ನೆಲ ಅದೊಂದೇ, ಅದು ಹಾಗೆ ನಿಂತದ್ದು ಒಬ್ಬ ತಾಯಿ ಕುಡುಗೋಲು ಹಾಕದಿದ್ದುದರಿಂದ. ಎಲ್ಲೂ ಅಚ್ಚಾಗದ ಈ ಸಂಗತಿಯನ್ನು ಇಷ್ಟು ವರ್ಷ ಹೊತ್ತುಕೊಂಡು ಪಾಠ ಮಾಡಿದ್ದೇನೆ. ಒಲೆಯ ಮೇಲಿನ ಸಂಗಟಿಯಿಂದ ಸೌಟು ಎತ್ತುವಾಗ ಒಮ್ಮೊಮ್ಮೆ ಅಂದು ಕೊಳವೆಯನ್ನು ಕೆಸರು ಬಿಟ್ಟಾಗಿನ ಸದ್ದು ಬರುತ್ತದೆ. ಆಗ ಉರಿ ಆರಿಸಿ ಹೊರಗೆ ಬಂದು ನಿಲ್ಲುತ್ತೇನೆ. ಮನೆಯವರು ಸೆಕೆ ಅಂದುಕೊಂಡಿದ್ದಾರೆ.

ಯೋಜನೆ ಮುಗಿದ ಮೇಲೂ ನಾನು ಆಗೀಗ ಹೋಗುತ್ತಿದ್ದೆ. ಮರುವರ್ಷದ ಚಳಿಗಾಲದಲ್ಲಿ ಹೋದಾಗ ಮೂಡಣ ದಂಡೆ ಬೋಳಾಗಿತ್ತು. ಜೊಂಡನ್ನು ನೀರಿನ ಮಟ್ಟಕ್ಕೆ ಸಮವಾಗಿ ಕೊಯ್ದಿದ್ದರು. ಸತ್ತ ಜಾಲಿ ಒಂದೇ ನಿಂತಿತ್ತು. ಯಾರೋ ಹೊರಗಿನವರು ಕೊಯ್ದಿದ್ದಾರೆ ಎಂದು ಹೇಳಲು ಓಡಿದೆ. ಚಿಗವ್ವನ ಮನೆಯ ಗೋಡೆಗೆ ಜೊಂಡಿನ ಸಿವುಡುಗಳನ್ನು ಕಟ್ಟಿ ಒರಗಿಸಿಟ್ಟಿತ್ತು, ಆಳೆತ್ತರ ಮೀರಿದವು. ಅಷ್ಟು ಉದ್ದದ ಜೊಂಡು ಬೇರೆಲ್ಲೂ ಇರಲಿಲ್ಲ.

"ನೀನ ಕೊಯ್ದ್ಯಾ?"

"ಹೌದ್ರಿ. ಸುಮ್ಮ ಯಾಕ ಬಿಡೂದು."

"ಮತ್ತ ಅಲ್ಲಿ..."

"ಅಲ್ಲಿಲ್ರಿ ಅಕಿ," ಎಂದಳು. ನನಗೆ ನೀರು ತಂದುಕೊಟ್ಟು ಎದುರಿಗೆ ಕೂತಳು. ಮುಖದಲ್ಲಿ ಸಿಟ್ಟಿರಲಿಲ್ಲ. ನೆರೆಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು. "ಮೊದಲ ಅಲ್ಲೇ ಇದ್ಲು. ಹೋದಾಗೊಮ್ಮಿ ಗೊತ್ತಾಗತಿತ್ತು. ಈಗ ಅಲ್ಲಿ ನಿಂತ್ರ ಬರೇ ನೀರು. ಮನಿಗಿ ಬರ್ತಾಳ್ರಿ ಈಗ."

"ಮನಿಗಿ?"

"ಮಧ್ಯಾಹ್ನ. ಮಗ ಇಲ್ಲದಾಗ. ಒಲಿ ಮುಂದ ಕುಂಡ್ರತಾಳ. ಬೆಂಕಿ ಅಂದ್ರ ಅಂಜಿಕಿ ಇಲ್ಲ ಈಗ ಅಕಿಗಿ." ಒಲೆಯ ಕಡೆ ನೋಡಿದಳು. ನಾನೂ ನೋಡಿದೆ. ಬೂದಿ ತೆಗೆದು ಸಾರಿಸಿ ಚೊಕ್ಕಟವಾಗಿತ್ತು, ಮುಂದೆ ಒಂದು ಪುಟ್ಟ ಮಣೆ.

"ನಿನಗ ಕಷ್ಟ ಆಗಂಗಿಲ್ಲೇನು?"

"ಕಷ್ಟ ಅಲ್ಲ. ಸುಖಾನೂ ಅಲ್ಲ. ಬಂದಾಳ, ಕುಂಡ್ರಲಿ."

ಕೇಳಬಾರದು ಎಂದುಕೊಳ್ಳುತ್ತಲೇ ಕೇಳಿದೆ.

"ಈಗ ಎಷ್ಟು ದೊಡ್ಡಾಕಿ ಆಗಿರ್ತಾಳ?"

"ಎಲ್ಲಿ ಆಗ್ತಾಳ್ರಿ," ಎಂದಳು ಚಿಗವ್ವ. "ಒಂದೂವರಿ ವರ್ಷ, ಅಷ್ಟ."

ಊರ ಮುಂದೆ ಬಸ್ಸಿನ ಹಾರ್ನ್ ಕೇಳಿಸಿತು. ಮುಂದಿನದು ಸಂಜೆಗೆ. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಅವಳು ಬಾಗಿಲವರೆಗೆ ಬರಲಿಲ್ಲ. ಒಲೆಯ ಕಡೆ ತಿರುಗಿ, ಚಾಪೆಯ ಮೇಲೆ ಕೂತು, ಹೊಸ ಜೊಂಡನ್ನು ಸೀಳತೊಡಗಿದಳು.